ಉದ್ಯೋಗ: ಗೃಹಿಣಿ

ಊರಿಗೆ ಬಂದಾಗಲೆಲ್ಲ ಒಂದೇ ಮಾತು ಕೇಳುತ್ತೇನೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2000 ರೂಪಾಯಿ ಶುರುವಾದ ಮೇಲೆ ಹೆಂಗಸರು ಸೋಮಾರಿಗಳಾದರಂತೆ, ಕೂಲಿಗೇ ಬರುವುದಿಲ್ಲವಂತೆ. ದಿನಕ್ಕೆ 66 ರೂಪಾಯಿ ಬಿತ್ತು ಸ್ವಾಮಿ. ಅಷ್ಟಕ್ಕೆ ಯಾರು ಕಾಲು ಚಾಚಿ ಮಲಗಿಯಾರು?

ನಾನು 1982ರಲ್ಲಿ ಮುಂಬಯಿಗೆ ಬಂದು ಬ್ಯಾಂಕು ಸೇರಿದವನು. ಅದೇ ಜನವರಿಯಲ್ಲಿ ಜವಳಿ ಗಿರಣಿಗಳ ಮುಷ್ಕರ ಶುರುವಾಗಿತ್ತು. ಪರೇಲ, ಲಾಲಬಾಗಗಳ ಚಾಳುಗಳಲ್ಲಿ ಖಾನಾವಳಿ ನಡೆಸುವ ಹೆಂಗಸರಿದ್ದರು. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟುಬಂದ ಗಿರಣಿಯವರಿಗೆ ಎರಡು ಹೊತ್ತು ಊಟ ಹಾಕುತ್ತಿದ್ದವರು ಇವರೇ. ಒಂದೇ ಖೋಲಿ, ಒಂದು ಸ್ಟೋವು, ಹದಿನೈದು ಇಪ್ಪತ್ತು ಜನ. ದಿನಸಿ ಅಂಗಡಿಯಲ್ಲಿ ಉದ್ರಿ, ಸಾಲದಾತನಿಗೆ ಬಡ್ಡಿ, ಊಟದ ದುಡ್ಡು ಮಾತ್ರ ಪಗಾರ ಆದಮೇಲೆ. ತಿಂಗಳುಗಟ್ಟಲೆ ಉಣ್ಣಿಸಿ ಆಮೇಲೆ ವಸೂಲಿ ಮಾಡುವುದಕ್ಕೆ ನಮ್ಮ ಬ್ಯಾಂಕಿನವರ ಭಾಷೆಯಲ್ಲಿ ಸಾಲ ಕೊಡುವುದು ಎನ್ನುತ್ತಾರೆ. ಗಿರಣಿ ಮಾಲೀಕರಿಗೆ ಕಡಿಮೆ ಪಗಾರದಲ್ಲಿ ಆಳು ಸಿಕ್ಕಿದ್ದು ಈ ಸಾಲದಿಂದ. ಪಗಾರ ನಿಂತಾಗ ಬಾಕಿಯೆಲ್ಲ ಇವರ ತಲೆಗೆ. ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿ ಇಂಥವರಿಗೆ ಬ್ಯಾಂಕ್ ಸಾಲ ಕೊಡಿಸಿದ್ದರು. ಆದರೆ ಎಲ್ಲರ ಕೈಗೂ ಅದು ಎಟುಕಲಿಲ್ಲ.

ಅಂಥ ಒಬ್ಬ ಬಾಯಿ ನಮ್ಮ ಶಾಖೆಗೆ ಬಂದಿದ್ದಳು. ಅರ್ಜಿಯಲ್ಲಿ ಉದ್ಯೋಗ ಎಂಬಲ್ಲಿ 'ಗೃಹಿಣಿ' ಎಂದು ಬರೆದವನು ನಾನೇ. ಆದಾಯದ ಪುರಾವೆ ಇಲ್ಲ, ಗಂಡನ ಸಹಿ ತಾ ಎಂದೆವು. ಗಂಡ ಮುಷ್ಕರದಲ್ಲಿ, ಮನೆಯಲ್ಲೇ ಕೂತಿದ್ದ. ಅವನನ್ನೂ ಸಾಕುತ್ತಿದ್ದವಳು ಅವಳು. ಸಾಲ ಆಗಲಿಲ್ಲ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ, ಈಗಲೂ ಮನಸ್ಸಿಗೆ ಒಪ್ಪದು.

ಸರ್ಕಾರದ ಸಮೀಕ್ಷೆಯೂ ಇದೇ ಹಾದಿ. ಅದೇ ಅನ್ನ ಪರರಿಗೆ ಮಾರಿದರೆ ಉದ್ಯೋಗ, ಗಂಡನಿಗೆ ಬಡಿಸಿದರೆ ಲೆಕ್ಕಕ್ಕೇ ಇಲ್ಲ. ಹದಿನೈದು ದಾಟಿದ ಹೆಂಗಸರಲ್ಲಿ ದುಡಿಯುವ ಅಥವಾ ಕೆಲಸ ಹುಡುಕುವ ಪ್ರಮಾಣ 2017-18ರಲ್ಲಿ ಶೇ. 23.3 ಇದ್ದದ್ದು 2023-24ರಲ್ಲಿ ಶೇ. 41.7 ಆಯಿತು. ಪತ್ರಿಕೆಗಳು ಕೊಂಡಾಡಿದವು. ಒಳಗೆ ನೋಡಿ: ಹೆಚ್ಚಿದವರಲ್ಲಿ ಬಹುಪಾಲು ಹಳ್ಳಿಯವರು, ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳವಿಲ್ಲದೆ ದುಡಿಯುವವರೂ ಅದರಲ್ಲಿ ಸೇರಿದ್ದಾರೆ. ಹೆಸರಿಗೆ ಉದ್ಯೋಗ, ಕೈಗೆ ಕಾಸಿಲ್ಲ!

ಕೂಲಿಗೆ ಬರುವುದಿಲ್ಲ ಎಂದು ಗೊಣಗುವವರು ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು ಕೊಡುತ್ತಾರೆ? ಹೋದ ದೀಪಾವಳಿಗೆ ನಮ್ಮ ಕಾಕಾನ ಮನೆ ಕಟ್ಟೆಯ ಮೇಲೆ ಇದನ್ನೇ ಕೇಳಿದೆ. ಇನ್ನೂ ಯಾರೂ ಹೇಳಿಲ್ಲ.