ದೊಡ್ಡ ಬ್ಯಾಟರಿ ಹಾಕಿದರೆ ಒಳ್ಳೆಯದೇ? ಫೋರ್ ವೀಲ್ ಡ್ರೈವ್ ಗಾಡಿಗೆ ಹೊಸ ಬ್ಯಾಟರಿ ಕೊಳ್ಳುವ ಮುನ್ನ

ಜೀಪ್, ಥಾರ್, ಜಿಪ್ಸಿ ಇಟ್ಟುಕೊಂಡವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬ್ಯಾಟರಿಯ ಬಗ್ಗೆ ಎರಡು ಸಲಹೆಗಳು ಸುತ್ತುತ್ತಲೇ ಇರುತ್ತವೆ. ಒಂದು, "ಫೋರ್ ವೀಲ್ ಡ್ರೈವ್ ಗಾಡಿಗೆ ಎಷ್ಟು ದೊಡ್ಡ ಬ್ಯಾಟರಿ ಹಾಕಿದರೆ ಅಷ್ಟು ಒಳ್ಳೆಯದು." ಇನ್ನೊಂದು, "ಕಂಪನಿ ಕೊಟ್ಟಿದ್ದಕ್ಕಿಂತ ದೊಡ್ಡದು ಹಾಕಿದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ." ಎರಡೂ ಪೂರ್ತಿ ನಿಜವಲ್ಲ.

ಪೇಟೆಯಲ್ಲಿ ಬ್ಯಾಟರಿ ಕೈಕೊಟ್ಟರೆ ಅರ್ಧ ಗಂಟೆಯ ತೊಂದರೆ. ಆದರೆ ಮಲೆನಾಡಿನ ಎಷ್ಟೋ ಒಂಟಿಮನೆಗಳಲ್ಲಿ, ಮಳೆಗಾಲದ ಕೆಸರಿನಲ್ಲಿ ಟಾರ್ ರಸ್ತೆ ಮುಟ್ಟಬಲ್ಲದ್ದು ಆ ಒಂದು ಗಾಡಿ ಮಾತ್ರ. ರಾತ್ರಿ ಯಾರಿಗಾದರೂ ಎದೆನೋವು ಬಂದಾಗ ಸೆಲ್ಫ್ ತೆಗೆದುಕೊಳ್ಳದಿದ್ದರೆ ಏನು ಗತಿ? ಆಟೊಮ್ಯಾಟಿಕ್ ಗೇರ್‌ನ ಗಾಡಿಯಾದರೆ ತಳ್ಳಿ ಸ್ಟಾರ್ಟ್ ಮಾಡುವ ದಾರಿಯೂ ಇಲ್ಲ. ಹಾಗಾಗಿ ಯಾವ ಬ್ಯಾಟರಿ, ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಕೆಟ್ಟಿರುವುದು ಬ್ಯಾಟರಿಯೇ ಹೌದೇ?

ಸೆಲ್ಫ್ ತೆಗೆದುಕೊಳ್ಳಲಿಲ್ಲ ಎಂದ ಕೂಡಲೇ ಬ್ಯಾಟರಿ ಹೋಯಿತು ಎಂದುಕೊಳ್ಳುವವರೇ ಹೆಚ್ಚು. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇದ್ದರೆ ನೀವೇ ಪರೀಕ್ಷಿಸಬಹುದು. ಗಾಡಿ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೆ ಅಳೆದರೆ, ಪೂರ್ತಿ ಚಾರ್ಜ್ ಆದ ಸಾಮಾನ್ಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಹೊಸ ಗಾಡಿಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರೇ ಏರಿಳಿಸುವುದರಿಂದ ಸ್ವಲ್ಪ ವ್ಯತ್ಯಾಸ ಸಹಜ. ಎಂಜಿನ್ ಓಡುವಾಗಲೂ 12.5 ದಾಟದೇ ಇದ್ದರೆ ಅನುಮಾನ ಪಡಬೇಕಾದದ್ದು ಆಲ್ಟರ್ನೇಟರ್ ಅಥವಾ ಅದರ ಬೆಲ್ಟನ್ನು. ಅಲ್ಲಿ ಹೊಸ ಬ್ಯಾಟರಿ ಹಾಕಿದರೂ ವಾರದೊಳಗೆ ಅದೇ ಕಥೆ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ, ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ವೈರ್ ತುಕ್ಕು ಹಿಡಿದಿದ್ದರೆ ಒಳ್ಳೆಯ ಬ್ಯಾಟರಿಯೂ ಸತ್ತಂತೆ ಕಾಣುತ್ತದೆ. ಕೆಸರು, ನೀರಿನಲ್ಲಿ ಓಡಾಡುವ ಗಾಡಿಗಳಲ್ಲಿ ಇದು ಮಾಮೂಲು. ಬಿಸಿನೀರು, ಅಡುಗೆ ಸೋಡಾ, ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ, ಒಣಗಿಸಿ, ಬಿಗಿಮಾಡಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಒಂದು ಕೆಲಸ ಮಾತ್ರ ಮಾಡಬೇಡಿ. "ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಬಿಚ್ಚಿ ನೋಡಿ, ಗಾಡಿ ನಿಲ್ಲದಿದ್ದರೆ ಆಲ್ಟರ್ನೇಟರ್ ಸರಿಯಿದೆ" ಎಂಬ ಹಳೆಯ ಪರೀಕ್ಷೆಯ ವಿಡಿಯೋಗಳು ಈಗಲೂ ಬರುತ್ತವೆ. ಹಾಗೆ ಬಿಚ್ಚಿದ ಕ್ಷಣ ವೋಲ್ಟೇಜ್ ದಿಢೀರನೆ ಜಿಗಿದು ಗಾಡಿಯ ಎಲೆಕ್ಟ್ರಾನಿಕ್ ಭಾಗಗಳು ಸುಡಬಹುದು. ಎಲೆಕ್ಟ್ರಾನಿಕ್ಸೇ ಇಲ್ಲದ ಕಾಲದ ಜೀಪಿನ ಪರೀಕ್ಷೆ ಅದು.

ಲೇಬಲ್ ಮೇಲಿನ ಅಂಕಿಗಳು ಏನು ಹೇಳುತ್ತವೆ?

ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಎಚ್, ಅಂದರೆ ಆ್ಯಂಪಿಯರ್-ಅವರ್. 65 ಎಎಚ್ ಎಂದರೆ 3.25 ಆ್ಯಂಪಿಯರ್‌ನಂತೆ 20 ಗಂಟೆ ಕೊಡಬಲ್ಲದು ಎಂದರ್ಥ. ಇದು ಟ್ಯಾಂಕಿಯಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ.

ಆದರೆ ಸೆಲ್ಫ್ ಹೊಡೆಯಲು ಬೇಕಾದದ್ದು ಟ್ಯಾಂಕಿಯ ಗಾತ್ರಕ್ಕಿಂತ ಹೆಚ್ಚಾಗಿ ಪೈಪಿನ ದಪ್ಪ. ಡೀಸೆಲ್ ಎಂಜಿನ್ ಗಾಳಿಯನ್ನು ಪೆಟ್ರೋಲ್ ಎಂಜಿನ್‌ಗಿಂತ ಹೆಚ್ಚು ಒತ್ತಿ ಬಿಸಿ ಮಾಡಬೇಕು. ಅದನ್ನು ತಿರುಗಿಸಲು ಒಮ್ಮೆಲೇ ಭಾರಿ ಕರೆಂಟ್ ಬೇಕು. 250 ಆ್ಯಂಪಿಯರ್‌ನಂತೆ 3 ಸೆಕೆಂಡ್ ಸೆಲ್ಫ್ ಹೊಡೆದಿರಿ ಎಂದುಕೊಳ್ಳಿ. ಖರ್ಚಾಗುವುದು ಸುಮಾರು 0.2 ಎಎಚ್ ಮಾತ್ರ. 65ರಲ್ಲಿ ಅದು ಏನೂ ಅಲ್ಲ. ಆ ಮೂರು ಸೆಕೆಂಡ್ ಅಷ್ಟು ರಭಸದಲ್ಲಿ ಕೊಡಬಲ್ಲದೇ ಎಂಬುದೇ ಪ್ರಶ್ನೆ.

ಆ ರಭಸದ ಅಳತೆಯೇ ಸಿಸಿಎ. ಮೈನಸ್ 18 ಡಿಗ್ರಿ ಚಳಿಯಲ್ಲಿ ಬ್ಯಾಟರಿ ಎಷ್ಟು ಕರೆಂಟ್ ಕೊಡಬಲ್ಲದು ಎಂದು ಅಳೆದು ಈ ಅಂಕಿ ಕೊಡುತ್ತಾರೆ. "ಕರ್ನಾಟಕದಲ್ಲಿ ಮೈನಸ್ 18 ಎಲ್ಲಿ ಬರುತ್ತದೆ?" ಎಂದು ನೀವು ಕೇಳಬಹುದು. ಬರುವುದಿಲ್ಲ. ಆದರೆ ಎಎಚ್ ಒಂದೇ ಇರುವ ಎರಡು ಬ್ಯಾಟರಿಗಳಲ್ಲಿ ಯಾವುದಕ್ಕೆ ಹೆಚ್ಚು ಕಸುವಿದೆ ಎಂದು ಹೋಲಿಸಲು ಇದೇ ಒಳ್ಳೆಯ ಅಳತೆಗೋಲು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಸಿಸಿಎಗಿಂತ ಕಡಿಮೆಯದನ್ನು ಕೊಳ್ಳಬೇಡಿ.

ಇನ್ನೊಂದು ಗೊಂದಲ 80ಡಿ26ಎಲ್ ಎಂಬಂಥ ಸಂಕೇತಗಳದ್ದು. ಇದರಲ್ಲಿರುವ 80 ಎಎಚ್ ಅಲ್ಲ, ಅದು ಜಪಾನಿನ ಮಾನದಂಡದ ಸಾಮರ್ಥ್ಯದ ದರ್ಜೆ. ಆ ಬ್ಯಾಟರಿಯ ಎಎಚ್ ಅದಕ್ಕಿಂತ ಕಡಿಮೆಯೇ ಇರುತ್ತದೆ. ಡಿ ಎಂಬುದು ಅಗಲ ಮತ್ತು ಎತ್ತರದ ವರ್ಗ. 26 ಅಂದರೆ ಉದ್ದ ಸುಮಾರು 26 ಸೆಂ.ಮೀ. ಕೊನೆಯ ಎಲ್ ಅಥವಾ ಆರ್, ಟರ್ಮಿನಲ್‌ಗಳು ಯಾವ ಕಡೆ ಎಂಬ ಗುರುತು. ಇದು ಅದಲುಬದಲಾದರೆ ವೈರ್ ಎಟುಕುವುದಿಲ್ಲ. ಎಳೆದು ಸಿಕ್ಕಿಸಲು ಹೋಗಿ ಪ್ಲಸ್, ಮೈನಸ್ ತಿರುಗಾಮುರುಗಾ ಆದರೆ ದೊಡ್ಡ ನಷ್ಟ.

ಹಾಗಾದರೆ ದೊಡ್ಡದು ಹಾಕಬಹುದೇ?

ಬ್ಯಾಟರಿ ಗಾಡಿಯೊಳಗೆ ಕರೆಂಟನ್ನು ನೂಕುವುದಿಲ್ಲ. ಸ್ಟಾರ್ಟರ್, ದೀಪ, ಹಾರ್ನ್ ತಮಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತವೆ. ಆದ್ದರಿಂದ 65ರ ಜಾಗದಲ್ಲಿ 70 ಅಥವಾ 74 ಎಎಚ್ ಕೂರಿಸಿದ ಮಾತ್ರಕ್ಕೆ ಆಲ್ಟರ್ನೇಟರ್ ಸುಡುವುದಿಲ್ಲ. ಒಳಗೆ ಸರಿಯಾಗಿ ಕೂರುವುದಾದರೆ ಇಷ್ಟು ಹೆಚ್ಚಳ ಮಾಡಬಹುದು.

ಆದರೆ ದೊಡ್ಡ ಬ್ಯಾಟರಿ ಖಾಲಿಯಾದರೆ ತುಂಬಲೂ ಹೆಚ್ಚು ಹೊತ್ತು ಬೇಕು. ದಿನಕ್ಕೆ ಮೂರು ನಾಲ್ಕು ಕಿಲೋಮೀಟರ್ ತೋಟ ಸುತ್ತಿ ನಿಲ್ಲಿಸುವ ಗಾಡಿಯಲ್ಲಿ ಅದು ಎಂದೂ ಪೂರ್ತಿ ತುಂಬದೇ ಇರಬಹುದು. ಅರೆಹೊಟ್ಟೆಯಲ್ಲೇ ಉಳಿದ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಯುಸ್ಸು ಕುಗ್ಗುತ್ತದೆ. ನಿಲ್ಲಿಸಿದ ಗಾಡಿಯೂ ಗಡಿಯಾರ, ಲಾಕ್, ಅಲಾರಂಗೆ ಸ್ವಲ್ಪ ಕರೆಂಟ್ ತಿನ್ನುತ್ತದೆ. ಅದು 50 ಮಿಲಿಆ್ಯಂಪಿಯರ್ ಆದರೂ ದಿನಕ್ಕೆ 1.2 ಎಎಚ್, ತಿಂಗಳಿಗೆ 36 ಎಎಚ್. 65 ಎಎಚ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು! ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಗೆ ದೊಡ್ಡ ಬ್ಯಾಟರಿಗಿಂತ ಒಂದು ಒಳ್ಳೆಯ ಚಾರ್ಜರ್ ಹೆಚ್ಚು ಉಪಯೋಗ.

ವಿಂಚ್, ಫ್ರಿಜ್ ಇದ್ದರೆ?

ಕೆಸರಿನಿಂದ ಗಾಡಿ ಎಳೆಯುವ ವಿಂಚ್ ಪೂರ್ತಿ ಭಾರದಲ್ಲಿ 400 ಆ್ಯಂಪಿಯರ್ ಆಸುಪಾಸು ಎಳೆಯಬಲ್ಲದು. ಅಷ್ಟನ್ನು ಆಲ್ಟರ್ನೇಟರ್ ಕೊಡಲಾರದು, ಬಹುಪಾಲು ಬ್ಯಾಟರಿಯಿಂದಲೇ ಬರಬೇಕು. ಹೀಗೆ ಐದು ನಿಮಿಷ ಎಳೆದರೆ 33 ಎಎಚ್ ಬೇಕಾಗುತ್ತದೆ. ಆದ್ದರಿಂದ ವಿಂಚ್ ಬಳಸುವಾಗ ಎಂಜಿನ್ ಓಡುತ್ತಿರಲಿ, ನಡುನಡುವೆ ನಿಲ್ಲಿಸಿ ಎಳೆಯಿರಿ. ವಿಂಚ್ ಇದ್ದವರು ಹೆಚ್ಚಿನ ಸಿಸಿಎ ಇರುವುದನ್ನು ಆರಿಸಿಕೊಳ್ಳುವುದರಲ್ಲಿ ಅರ್ಥವಿದೆ.

ಟೆಂಟ್ ಹಾಕಿ ರಾತ್ರಿಯಿಡೀ ಫ್ರಿಜ್, ದೀಪ ಓಡಿಸುವುದು ಬೇರೆಯದೇ ಕೆಲಸ. ಸ್ಟಾರ್ಟಿಂಗ್ ಬ್ಯಾಟರಿಯ ಫಲಕಗಳು ತೆಳು. ಪದೇಪದೇ ಪೂರ್ತಿ ಬರಿದು ಮಾಡಿದರೆ ಬೇಗ ಹಾಳಾಗುತ್ತದೆ. ಅಂಥವರಿಗೆ ಡೀಪ್ ಸೈಕಲ್ ಮಾದರಿಯ ಎರಡನೇ ಬ್ಯಾಟರಿ, ನಡುವೆ ಐಸೊಲೇಟರ್ ಸರಿಯಾದ ದಾರಿ. ಫ್ರಿಜ್ ಅದನ್ನು ಖಾಲಿ ಮಾಡಿದರೂ ಬೆಳಿಗ್ಗೆ ಸೆಲ್ಫ್ ಹೊಡೆಯಲು ಮೊದಲನೆಯದು ಉಳಿದಿರುತ್ತದೆ.

ಎಲ್ಲರೂ ಮರೆಯುವ ಕ್ಲಾಂಪ್

ಫೋರ್ ವೀಲ್ ಡ್ರೈವ್ ಗಾಡಿಯ ಬ್ಯಾಟರಿಗೆ ದೊಡ್ಡ ಶತ್ರು ಕುಲುಕಾಟ. ಕಲ್ಲುದಾರಿಯಲ್ಲಿ ಗಾಡಿ ಎತ್ತಿಹಾಕಿದಂತೆಲ್ಲ ಒಳಗಿನ ಫಲಕಗಳ ಮೇಲಿನ ರಾಸಾಯನಿಕ ಪದರ ಉದುರಿ ತಳ ಸೇರುತ್ತದೆ. ಅದು ಹೆಚ್ಚಾದರೆ ಒಳಗೇ ಶಾರ್ಟ್ ಆಗುತ್ತದೆ. ಬ್ಯಾಟರಿಯನ್ನು ಟ್ರೇಗೆ ಬಿಗಿಯುವ ಕ್ಲಾಂಪ್ ಸಡಿಲವಿದ್ದರೆ ಎಷ್ಟು ದುಬಾರಿ ಬ್ಯಾಟರಿಯೂ ಬಾಳುವುದಿಲ್ಲ.

ಡಿನ್ ಮಾದರಿಯ ಬ್ಯಾಟರಿಯನ್ನು ಹಿಡಿಯುವುದು ಸಾಮಾನ್ಯವಾಗಿ ಬುಡದ ಅಂಚಿನಲ್ಲಿ. ಜಪಾನ್ ಮಾದರಿಯದನ್ನು ಮೇಲಿನಿಂದ ಪಟ್ಟಿ ಹಾಕಿ ಬಿಗಿಯುತ್ತಾರೆ, ಅದರ ಟರ್ಮಿನಲ್‌ಗಳೂ ಮೇಲಕ್ಕೆ ಎದ್ದಿರುತ್ತವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಕ್ಲಾಂಪ್ ಹಿಡಿಯುವುದಿಲ್ಲ. ಕೊನೆಗೆ ಹಳೆಯ ಟ್ಯೂಬ್ ಸುತ್ತಿ, ಹಗ್ಗ ಕಟ್ಟಿ ಕಳಿಸುತ್ತಾರೆ. ಬ್ಯಾಟರಿ ಎತ್ತರವಾಗಿ, ಗಾಡಿ ಜಿಗಿದಾಗ ಪ್ಲಸ್ ಟರ್ಮಿನಲ್ ಬಾನೆಟ್ಟಿನ ಕಬ್ಬಿಣಕ್ಕೆ ತಾಗಿದರೆ ಬೆಂಕಿಯೇ ಹತ್ತಬಹುದು. ದೊಡ್ಡ ಬ್ಯಾಟರಿ ಹಾಕುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಂಪನಿಯ ಕ್ಲಾಂಪಿನಲ್ಲೇ ಕೂರುತ್ತದೆಯೇ, ಬಾನೆಟ್ ಮುಚ್ಚಿದಾಗ ಮೇಲೆ ಜಾಗ ಉಳಿಯುತ್ತದೆಯೇ?

ಸಾಮಾನ್ಯವೋ, ಎಜಿಎಂ ಬೇಕೋ?

ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗಿ ಕ್ಲಚ್ ಒತ್ತಿದರೆ ಸ್ಟಾರ್ಟ್ ಆಗುವ ಗಾಡಿಗಳಿಗೆ ಇಎಫ್‌ಬಿ ಅಥವಾ ಎಜಿಎಂ ಎಂಬ ಗಟ್ಟಿ ಬಗೆಯ ಬ್ಯಾಟರಿ ಬಂದಿರುತ್ತದೆ. ಅದೇ ಬಗೆಯದನ್ನೇ ಹಾಕಬೇಕು. ಅಗ್ಗವೆಂದು ಸಾಮಾನ್ಯದ್ದನ್ನು ಹಾಕಿದರೆ ಬೇಗ ಸೋಲುತ್ತದೆ. ಕೆಲವು ಗಾಡಿಗಳಲ್ಲಿ ಹೊಸ ಬ್ಯಾಟರಿ ಹಾಕಿದ್ದನ್ನು ಕಂಪ್ಯೂಟರಿಗೆ ತಿಳಿಸಬೇಕಾಗುತ್ತದೆ, ಕೈಪಿಡಿ ನೋಡಿ. ಎಜಿಎಂನಲ್ಲಿ ಆಮ್ಲ ಗಾಜಿನ ನಾರಿನ ಹಾಸಿನಲ್ಲಿ ಹೀರಿಕೊಂಡಿರುವುದರಿಂದ ಕುಲುಕಾಟ ಚೆನ್ನಾಗಿ ತಡೆಯುತ್ತದೆ, ಬೆಲೆ ಹೆಚ್ಚು. ಹಳೆಯ ಜೀಪಿಗೆ ಅದು ಕಡ್ಡಾಯವೇನಲ್ಲ; ಒಳ್ಳೆಯ ಸಾಮಾನ್ಯ ಬ್ಯಾಟರಿ, ಬಿಗಿಯಾದ ಕ್ಲಾಂಪ್ ಸಾಕು.

ಅಂಗಡಿಯಲ್ಲಿ ನೋಡಬೇಕಾದದ್ದು

ತಯಾರಾದ ತಿಂಗಳು ನೋಡಿ. ಕಪಾಟಿನಲ್ಲಿ ಕುಳಿತೂ ಬ್ಯಾಟರಿ ಚಾರ್ಜ್ ಕಳೆದುಕೊಳ್ಳುತ್ತದೆ, ಮೂರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು. ನಿಮ್ಮೆದುರೇ ವೋಲ್ಟೇಜ್ ಅಳೆಯಲು ಹೇಳಿ, 12.5ಕ್ಕಿಂತ ಕಡಿಮೆಯಿದ್ದರೆ ಬೇರೆ ಕೇಳಿ. ವಾರಂಟಿ "24+24" ಎಂದಿದ್ದರೆ ನಾಲ್ಕು ವರ್ಷವೂ ಉಚಿತ ಎಂದು ತಿಳಿಯಬೇಡಿ. ಸಾಮಾನ್ಯವಾಗಿ ಮೊದಲ 24 ತಿಂಗಳು ಮಾತ್ರ ಉಚಿತ ಬದಲಾವಣೆ, ನಂತರದ 24 ತಿಂಗಳು ಹೊಸದರ ಬೆಲೆಯಲ್ಲಿ ರಿಯಾಯಿತಿ. ಬಿಲ್ ಮತ್ತು ವಾರಂಟಿ ಕಾರ್ಡ್‌ನ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಕೆಲವು ಫಾರ್ವರ್ಡ್‌ಗಳು

"ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿದುಹೋಗುತ್ತದೆ." ಈಗ ನಿಜವಲ್ಲ. ಹಿಂದೆ ಮರ, ಗಟ್ಟಿ ರಬ್ಬರಿನ ಪೆಟ್ಟಿಗೆಗಳಿದ್ದಾಗ ಹುಟ್ಟಿದ ಮಾತು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಯ ಮೂಲಕ ಕರೆಂಟ್ ನೆಲಕ್ಕೆ ಹರಿಯುವುದಿಲ್ಲ. ಎಲ್ಲಿಟ್ಟರೂ ಅದು ತಾನಾಗಿ ನಿಧಾನಕ್ಕೆ ಇಳಿಯುತ್ತದೆ.

"ಆಸ್ಪಿರಿನ್ ಮಾತ್ರೆ ಹಾಕಿದರೆ ಸತ್ತ ಬ್ಯಾಟರಿ ಬದುಕುತ್ತದೆ." ಮಾಡಬೇಡಿ. ಮಾತ್ರೆಯಿಂದ ಹುಟ್ಟುವ ಅಸಿಟಿಕ್ ಆಮ್ಲ ಸೀಸದ ಫಲಕಗಳನ್ನೇ ತಿನ್ನುತ್ತದೆ.

"ನೀರು ಕಡಿಮೆಯಾದರೆ ಬೋರ್‌ವೆಲ್ ನೀರು ಸಾಕು." ತಪ್ಪು. ಅದರಲ್ಲಿರುವ ಲವಣಗಳು ಒಳಗೇ ಉಳಿದು ಹಾಳುಮಾಡುತ್ತವೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಮ್ಲ ಸೇರಿಸಬೇಡಿ.

"ಚಳಿಗೆ ಬ್ಯಾಟರಿ ಸಾಯುತ್ತದೆ." ಅರ್ಧ ನಿಜ. ಚಳಿಯಲ್ಲಿ ಅದರ ಕಸುವು ತಗ್ಗುತ್ತದೆ, ಆದರೆ ಒಳಗಿನಿಂದ ತಿನ್ನುವುದು ಶಾಖ. ಏಪ್ರಿಲ್-ಮೇ ಬಿಸಿಲಲ್ಲಿ ಸೊರಗಿದ ಬ್ಯಾಟರಿ ಡಿಸೆಂಬರ್ ಬೆಳಿಗ್ಗೆ ಕೈಕೊಡುತ್ತದೆ, ಬೈಗುಳ ಚಳಿಗೆ ಬೀಳುತ್ತದೆ.

ಹಳೆಯ ಬ್ಯಾಟರಿ ಎಲ್ಲಿ ಹೋಗುತ್ತದೆ?

ಬ್ಯಾಟರಿಯಲ್ಲಿರುವ ಸೀಸವನ್ನು ಮತ್ತೆ ಮತ್ತೆ ಬಳಸಬಹುದು, ಆದ್ದರಿಂದಲೇ ಹಳೆಯದಕ್ಕೂ ಬೆಲೆಯಿದೆ. ಆದರೆ ಬಯಲಲ್ಲಿ ಒಡೆದು, ಆಮ್ಲ ಚೆಲ್ಲಿ, ಸೀಸ ಕರಗಿಸುವ ಕಡೆ ಹೊಗೆ, ಮಣ್ಣು ಎರಡರಲ್ಲೂ ವಿಷ ಸೇರುತ್ತದೆ. ಜಗತ್ತಿನ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳ ರಕ್ತದಲ್ಲಿ ಸೀಸದ ಮಟ್ಟ ಆತಂಕ ಹುಟ್ಟಿಸುವಷ್ಟಿದೆ ಎಂದು ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಹೇಳಿದವು. ಹೀಗೆ ಬ್ಯಾಟರಿ ಕರಗಿಸುವುದು ಅದರ ದೊಡ್ಡ ಕಾರಣಗಳಲ್ಲಿ ಒಂದು. ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಗುಜರಿಯವರು ನೂರಿನ್ನೂರು ಹೆಚ್ಚು ಕೊಡುತ್ತೇನೆಂದರೂ ಹಳೆಯದನ್ನು ಹೊಸದು ಕೊಂಡ ಡೀಲರ್‌ಗೇ ಕೊಟ್ಟು ಬಿಲ್‌ನಲ್ಲಿ ಬರೆಸಿಕೊಳ್ಳಿ.

ಒಟ್ಟಿನಲ್ಲಿ

ಮೊದಲು ಚಾರ್ಜಿಂಗ್ ಮತ್ತು ವೈರ್ ಪರೀಕ್ಷಿಸಿ. ಕೈಪಿಡಿಯ ಪ್ರಕಾರ ಬಗೆ, ಅಳತೆ, ಟರ್ಮಿನಲ್ ದಿಕ್ಕು ಒಂದೇ ಇರಲಿ. ಸಿಸಿಎ ಅಷ್ಟೇ ಅಥವಾ ಹೆಚ್ಚಿರಲಿ. ಎಎಚ್ ಸ್ವಲ್ಪ ಹೆಚ್ಚಿದ್ದರೆ ಅಡ್ಡಿಯಿಲ್ಲ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಅಂಗಡಿಯಿಂದ ಹೊರಡುವ ಮುನ್ನ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಅಲುಗಿದರೆ ಕ್ಲಾಂಪ್ ಬಿಗಿಮಾಡಿಸಿಯೇ ಹೊರಡಿ.