ಬನ್ನಿಯ ಮರದ ಬಿಲ್ಲು ಬಾಲಿಕೆಯರ ಕೈಗೆ ಬರಲಿ

ಹಾನಗಲ್ಲಿನ ಪುರಾತನ ಹೆಸರು ಪಾನುಂಗಲ್ಲು. ಮಹಾಭಾರತದ ವಿರಾಟನಗರವು ಇದೇ ಊರೆಂದು ಇಲ್ಲಿಯ ಜನರ ಐತಿಹ್ಯವುಂಟು. ಅಜ್ಞಾತವಾಸದ ವರುಷ ಪಾಂಡವರು ತಮ್ಮ ಬಿಲ್ಲುಬಾಣಗಳನ್ನು ಬನ್ನಿಯ ಮರದಲ್ಲಿ ಬಚ್ಚಿಟ್ಟ ಕಥೆಯನ್ನು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಯಾವ ಮನೆಯಲ್ಲಿಯೂ ಹೊಸದಾಗಿ ಹೇಳಬೇಕಾಗಿಲ್ಲ. ವಿಜಯದಶಮಿಯ ದಿನ ಬನ್ನಿಯ ಎಲೆಯನ್ನು ಬಂಗಾರವೆಂದು ಕೊಟ್ಟು ಕೊಳ್ಳುವ ನಾಡು ಇದು. ಆದರೆ ಆ ಕಥೆಯ ಒಂದು ಸಂಗತಿಯನ್ನು ಬಹಳ ಜನರು ಲಕ್ಷಿಸುವದಿಲ್ಲ. ಅದಾವುದೆಂದರೆ, ಲೋಕೋತ್ತರ ಬಿಲ್ಲುಗಾರನಾದ ಅರ್ಜುನನು ಒಂದು ವರುಷ ಗುರುವಾಗಿ ಅರಮನೆಯಲ್ಲಿದ್ದರೂ ರಾಜಕುಮಾರಿ ಉತ್ತರೆಯು ಆತನಿಂದ ಕಲಿತದ್ದು ನಾಟ್ಯ ಗಾಯನಗಳನ್ನು. ಬಿಲ್ಲನ್ನಿಳಿಸಲು ಮರವೇರಿದವನು ಆಕೆಯ ಸಹೋದರನು. ನಾಟ್ಯ ಗಾಯನಗಳನ್ನು ನಾವು ಹಳಿಯುವದಿಲ್ಲ. ಆದರೆ ಬಿಲ್ಲು ಸಹ ಬಾಲಿಕೆಯರ ಕೈಗೆ ಬರತಕ್ಕದ್ದೆಂಬುದೇ ನಮ್ಮ ಅಭಿಪ್ರಾಯವು.

ಬಿಲ್ಲುಗಾರಿಕೆಯೆಂದರೆ ಸಮತಟ್ಟಾದ ಮೈದಾನದಲ್ಲಿ ಒಂದೇ ಸ್ಥಳದಲ್ಲಿ ನಿಂತು ಎಸೆಯುವದಷ್ಟೇ ಎಂದು ಅನೇಕರು ತಿಳಿದಿರುವರು. ನಾವು ಹೇಳಬಯಸುವದು ಅದರ ಇನ್ನೊಂದು ಬಗೆಯಾದ ಫೀಲ್ಡ್ ಆರ್ಚರಿ, ಎಂದರೆ ಬಯಲಿನ ಬಿಲ್ಲುಗಾರಿಕೆಯನ್ನು. ಇದರಲ್ಲಿ ಗುಡ್ಡದ ಏರಿಳಿತಗಳಲ್ಲಿಯೂ ಮರಗಳ ನಡುವೆಯೂ ಕಾಲುದಾರಿಯನ್ನು ಮಾಡಿ, ಅಲ್ಲಲ್ಲಿ ಗುರಿಗಳನ್ನು ನಿಲ್ಲಿಸುವರು. ಅಂತರರಾಷ್ಟ್ರೀಯ ಪಂದ್ಯದ ಒಂದು ಸುತ್ತಿನಲ್ಲಿ 24 ಗುರಿಗಳಿರುತ್ತವೆ. ಪ್ರತಿಯೊಂದಕ್ಕೂ 3 ಬಾಣಗಳು. ನಟ್ಟನಡುವೆ ತಾಗಿದರೆ 6 ಅಂಕಗಳು. ಆದಕಾರಣ ಪೂರ್ಣಾಂಕವು 432. ಗುರಿಗಳ ಅಗಲವು 20, 40, 60, 80 ಸೆಂಟಿಮೀಟರುಗಳೆಂದು ನಾಲ್ಕು ತರದ್ದು. ಕೆಲವು ಗುರಿಗಳ ದೂರವನ್ನು ಬರೆದಿಡುವರು. ಕೆಲವುಗಳ ದೂರವನ್ನು ಆಡುವವರೇ ಕಣ್ಣಳತೆಯಿಂದ ಅರಿಯಬೇಕು. ಅದನ್ನು ಅಳೆಯುವ ಯಂತ್ರಕ್ಕೆ ಅಪ್ಪಣೆಯಿಲ್ಲ. ಈ ಆಟದ ಮೊದಲನೆಯ ಜಾಗತಿಕ ಪಂದ್ಯಗಳು 1969ರಲ್ಲಿ ಅಮೇರಿಕೆಯಲ್ಲಿ ನಡೆದವು. ಒಲಿಂಪಿಕ್ಸಿನಲ್ಲಿ ಇದಕ್ಕೆ ಸ್ಥಾನವಿಲ್ಲದಿದ್ದರೂ 1985ರಿಂದ ವರ್ಲ್ಡ್ ಗೇಮ್ಸ್ ಎಂಬ ಕ್ರೀಡಾಮೇಳದಲ್ಲಿ ಇದು ನಡೆಯುತ್ತ ಬಂದಿದೆ.

ನಮ್ಮ ಬಾಲಿಕೆಯರಿಗೆ ಇದರ ಅವಶ್ಯಕತೆಯೇನು? ಹೊಲವನ್ನು ಅವರು ಅರಿಯದವರಲ್ಲ. ಕಳೆ ಕೀಳುವ, ಹತ್ತಿ ಬಿಡಿಸುವ, ಭತ್ತದ ಸಸಿ ಹಚ್ಚುವ ಕೆಲಸಕ್ಕೆ ರಜೆಯ ದಿನಗಳಲ್ಲಿ ಹೋಗುವವರು ನಮ್ಮಲ್ಲಿ ಬಹು ಮಂದಿ. ಬಯಲು ಅವರಿಗೆ ದುಡಿಮೆಯ ಸ್ಥಳವಾಗಿ ಪರಿಚಿತವೇ ಹೊರತು ವಿನೋದದ ಸ್ಥಳವಾಗಿ ಅಲ್ಲ. ಖೊಖೊ ಆಟದಲ್ಲಿ ಮಿಂಚಿನಂತೆ ಓಡುತ್ತಿದ್ದ ಹುಡುಗಿಯು ಎಂಟನೆಯ ಇಯತ್ತೆಯನ್ನು ದಾಟಿದೊಡನೆ, 'ಇನ್ನು ಆಟ ಸಾಕು, ನೀನು ದೊಡ್ಡವಳಾದೆ' ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಅಂದಿನಿಂದ ಅವಳ ನಡಿಗೆಯು ಮನೆಗೂ ಶಾಲೆಗೂ ಮಾತ್ರ. ದೇಹವು ಬೆಳೆಯುವ ಕಾಲದಲ್ಲಿಯೇ ವ್ಯಾಯಾಮವು ನಿಲ್ಲುವದೆಂದರೆ ಸಣ್ಣ ಹಾನಿಯಲ್ಲ.

ಈ ಆಟದಲ್ಲಿ ಒಬ್ಬರನ್ನೊಬ್ಬರು ನೂಕುವದಿಲ್ಲ, ಓಡಿ ಬೀಳುವದಿಲ್ಲ; ಮೈತುಂಬ ಉಡುಪು ಧರಿಸಿಯೂ ಆಡಬಹುದು. ಗುಡ್ಡವನ್ನೇರಿ ಇಳಿದಾಗ ಕಾಲಿಗೆ, ಹೆದೆಯನ್ನೆಳೆದಾಗ ಬೆನ್ನಿಗೂ ಭುಜಕ್ಕೂ, ದೂರವನ್ನಳೆದಾಗ ಬುದ್ಧಿಗೆ ಸಾಧನೆಯಾಗುತ್ತದೆ. ಆಡುವವರು ಚಿಕ್ಕ ಗುಂಪುಗಳಾಗಿ ನಡೆದು, ತಮ್ಮ ಗುಂಪಿನ ಅಂಕಗಳನ್ನು ತಾವೇ ಬರೆದುಕೊಳ್ಳುವರು. ಬರೆದಾಗುವ ಮೊದಲು ಗುರಿಯಲ್ಲಿ ನೆಟ್ಟ ಬಾಣವನ್ನು ಮುಟ್ಟಕೂಡದು. ಯಾರೂ ಕಾವಲಿಲ್ಲದ ಸ್ಥಳದಲ್ಲಿ ಸತ್ಯವನ್ನು ಬರೆಯುವ ಈ ಅಭ್ಯಾಸವು ಎಷ್ಟೋ ನೀತಿಪಾಠಗಳಿಗಿಂತ ಹೆಚ್ಚಿನದು.

ಇದು ಗಂಡುಮಕ್ಕಳ ಆಟವೆನ್ನುವವರು ಬೇಲೂರಿನ ದೇವಾಲಯಕ್ಕೆ ಹೋಗಿ ನೋಡಲಿ. ಅಲ್ಲಿಯ ಮದನಿಕೆಯರಲ್ಲಿ ಬಿಲ್ಲು ಹಿಡಿದ ಬೇಟೆಗಾತಿಯೂ ಒಬ್ಬಳಿದ್ದಾಳೆ. ಇಂಗ್ಲಂಡದ ಕ್ವೀನಿ ನ್ಯೂಆಲ್ ಎಂಬಾಕೆಯು 1908ರ ಒಲಿಂಪಿಕ್ಸಿನಲ್ಲಿ ಬಂಗಾರದ ಪದಕ ಪಡೆದಾಗ ಆಕೆಯ ವಯಸ್ಸು 53. ನಮ್ಮ ನೆರೆಯ ಸಾತಾರೆಯ ಅದಿತಿ ಸ್ವಾಮಿಯು 2023ರಲ್ಲಿ, ಹದಿನೇಳರ ಹರೆಯದಲ್ಲಿ, ಬರ್ಲಿನ್ನಿನಲ್ಲಿ ಜಗಜ್ಜೇತೆಯಾದಳು. ಎರಡೂ ತೋಳುಗಳಿಲ್ಲದ ಜಮ್ಮು ಕಾಶ್ಮೀರದ ಶೀತಲ್ ದೇವಿಯು ಕಾಲಿನಿಂದ ಬಿಲ್ಲು ಹಿಡಿದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ ಕುಮಾರರೊಡನೆ ಕಂಚಿನ ಪದಕ ಗಳಿಸಿದಳು. ಇವರೆಲ್ಲರೂ ಮೈದಾನದ ಬಿಲ್ಲುಗಾರ್ತಿಯರು, ನಿಜ. ಆದರೆ ಹೆದೆಯನ್ನೆಳೆಯುವ ವಿದ್ಯೆಯು ಎರಡಕ್ಕೂ ಒಂದೇ.

ಅಪಾಯದ ಮಾತನ್ನು ನಾವು ಹಗುರಾಗಿ ಎಣಿಸುವದಿಲ್ಲ. ಬಾಣವು ಆಟಿಗೆಯಲ್ಲ. ಪ್ರತಿ ಗುರಿಯ ಹಿಂದೆ ಮಣ್ಣಿನ ದಿಬ್ಬವಿರಬೇಕು. ಕಾಲುದಾರಿಯು ಗುರಿಯ ಹಿಂದಿನಿಂದ ಎಂದೂ ಹಾಯಕೂಡದು. ಎಲ್ಲರೂ ಎಸೆದು ಮುಗಿಸುವ ವರೆಗೆ ಒಬ್ಬರೂ ಮುಂದೆ ಹೆಜ್ಜೆಯಿಡಬಾರದು. ಕಲಿತ ಶಿಕ್ಷಕರಿಲ್ಲದೆ ಬಿಲ್ಲನ್ನು ಮುಟ್ಟಲೇಬಾರದು. ಬೇಟೆಯೊಡನೆಯೂ ಇದಕ್ಕೆ ಸಂಬಂಧವಿಲ್ಲ. ಬಂಕಾಪುರದ ಕೋಟೆಯಲ್ಲಿ ನವಿಲುಗಳಿಗೆ ರಕ್ಷಣೆ ಕೊಟ್ಟಿರುವ ನಾಡಿನ ಮಕ್ಕಳು ಜೀವವಿರುವ ಯಾವದಕ್ಕೂ ಬಾಣವನ್ನು ತಿರುಗಿಸಬಾರದು.

ವೆಚ್ಚದ ವಿಷಯ. ಪರದೇಶದ ಯಂತ್ರಬಿಲ್ಲಿನ ಬೆಲೆಯು ಲಕ್ಷ ರೂಪಾಯಿಗಳನ್ನು ಮೀರಬಹುದು. ಆದರೆ ನಮ್ಮ ದೇಶದ ಪಂದ್ಯಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವು ಬಿದಿರಿನ ಬಿಲ್ಲಿನದೇ ಆಗಿದೆ. ಆರಂಭಕ್ಕೆ ಅಂಥ ನಾಲ್ಕಾರು ಬಿಲ್ಲುಗಳು ಸಾಕು. ಗುರಿಗೆ ಹಾನಗಲ್ಲ ಸೀಮೆಯ ಭತ್ತದ ಹುಲ್ಲನ್ನು ಬಿಗಿದು ಕಟ್ಟಬಹುದು. ಸ್ಥಳಕ್ಕೂ ಕೊರತೆಯಿಲ್ಲ: ಹಿರೇಕೆರೂರ ಕಡೆಯ ಗುಡ್ಡದೋರೆಗಳು, ಹಾನಗಲ್ಲಿನ ಮಾವಿನ ತೋಪುಗಳು, ಶಿಗ್ಗಾಂವಿ ಸವಣೂರುಗಳ ಏರುತಗ್ಗಿನ ಬೀಳುಭೂಮಿಗಳು. ಇಪ್ಪತ್ತನಾಲ್ಕು ಗುರಿಗಳೇ ಬೇಕೆಂದಿಲ್ಲ, ಆರರಿಂದ ಆರಂಭಿಸೋಣ.

ಪಾಲಕರೇ, ನಿಮ್ಮಿಂದ ನಾವು ಬೇಡುವದು ಹಣಕ್ಕಿಂತ ಮೊದಲು ಅಪ್ಪಣೆಯನ್ನು. ಶನಿವಾರದ ಒಂದೆರಡು ತಾಸು ಮಗಳನ್ನು ಬಯಲಿಗೆ ಕಳಿಸಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ತೋಪು ಇದ್ದವರು ತೋಪನ್ನೂ, ವಿದ್ಯೆ ಬಲ್ಲವರು ವಿದ್ಯೆಯನ್ನೂ ಕೊಡಿರಿ; ಏನೂ ಇಲ್ಲದವರು ನಿಮ್ಮ ತಂಗಿಯ ಪರವಾಗಿ ಮನೆಯಲ್ಲಿ ಒಂದು ಮಾತನಾಡಿರಿ. ಎಲ್ಲರೂ ಪದಕ ತರುವರೆಂದು ನಾವು ಹೇಳುವದಿಲ್ಲ. ತನ್ನ ಗುರಿಯ ದೂರವನ್ನು ತಾನೇ ಅಳೆದು, ತನ್ನ ಕಾಲ ಮೇಲೆ ನೆಟ್ಟಗೆ ನಿಂತು, ತಪ್ಪಿದರೆ ಇನ್ನೊಂದು ಬಾಣವನ್ನು ಹೂಡುವ ಹೆಣ್ಣುಮಗಳು ಸಂಸಾರದಲ್ಲಿಯೂ ಸಮಾಜದಲ್ಲಿಯೂ ಸುಲಭವಾಗಿ ಕುಸಿಯಲಾರಳೆಂಬ ಭರವಸೆ ಮಾತ್ರ ನಮಗುಂಟು.