ಪೌಂಡ್ ಪಿಂಚಣಿ, ಪೆಸೊ ಬದುಕು: ಫಿಲಿಪ್ಪೀನ್ಸ್‌ನಲ್ಲಿ ನೆಲೆಸಿದ ಬ್ರಿಟಿಷರ ಲೆಕ್ಕಾಚಾರ

ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಬ್ರಿಟನ್ ಸರ್ಕಾರ ತನ್ನ ವೃದ್ಧರ ಪಿಂಚಣಿಯನ್ನು ಪರಿಷ್ಕರಿಸುತ್ತದೆ. ಲಂಡನ್ನಿನಿಂದ ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಫಿಲಿಪ್ಪೀನ್ಸ್‌ನ ಸೆಬು ಅಥವಾ ಡುಮಗೆಟೆ ನಗರದಲ್ಲಿ ಬಾಡಿಗೆ ಮನೆ ಹಿಡಿದು ಕುಳಿತ ನಿವೃತ್ತ ಬ್ರಿಟಿಷ್ ಪ್ರಜೆಯ ಖಾತೆಗೂ ಆ ಹೆಚ್ಚಳ ತಪ್ಪದೆ ಜಮೆಯಾಗುತ್ತದೆ. ಅಷ್ಟೇ ವರ್ಷ ದುಡಿದು, ಅಷ್ಟೇ ವಂತಿಗೆ ಕಟ್ಟಿ, ಥಾಯ್ಲೆಂಡಿನ ಪಟ್ಟಾಯದಲ್ಲೋ ಭಾರತದ ಗೋವಾದಲ್ಲೋ ನೆಲೆಸಿದ ಆತನ ಸಹೋದ್ಯೋಗಿಗೆ ಮಾತ್ರ ಒಂದು ಪೆನ್ನಿಯೂ ಹೆಚ್ಚುವುದಿಲ್ಲ.

ಫಿಲಿಪ್ಪೀನ್ಸ್‌ನ ಬ್ರಿಟಿಷರ ಬದುಕೆಂದರೆ ಸಾಮಾನ್ಯವಾಗಿ ನೆನಪಿಗೆ ಬರುವುದು ತೆಂಗಿನ ಮರ, ಬಿಳಿ ಮರಳು ಮತ್ತು ಅಗ್ಗದ ಬಿಯರ್. ವಾಸ್ತವದಲ್ಲಿ ಆ ಬದುಕು ನಿಂತಿರುವುದು ಪಿಂಚಣಿ ಒಪ್ಪಂದ, ವೀಸಾ, ಭೂಮಿಯ ಹಕ್ಕುಪತ್ರ ಹಾಗೂ ಆಸ್ಪತ್ರೆಯ ಬಿಲ್ ಎಂಬ ನಾಲ್ಕು ಕಾಗದಗಳ ಮೇಲೆ. ಇವುಗಳಲ್ಲಿ ಮೊದಲನೆಯದು ಆತನ ಪರವಾಗಿದೆ. ಉಳಿದ ಮೂರು ವಯಸ್ಸಾದಂತೆ ಒಂದೊಂದಾಗಿ ಆತನಿಗೆ ಎದುರಾಗುತ್ತವೆ.

1989ರ ಒಪ್ಪಂದದ ಫಲ

ಬ್ರಿಟನ್ನಿನಲ್ಲಿ ‘ಸ್ಟೇಟ್ ಪೆನ್ಷನ್’ ಎಂಬುದು ಸರ್ಕಾರಿ ನೌಕರರಿಗೆ ಮೀಸಲಾದ ಸೌಲಭ್ಯವಲ್ಲ. ರಾಷ್ಟ್ರೀಯ ವಿಮೆಗೆ ವಂತಿಗೆ ಕಟ್ಟಿದ ಎಲ್ಲರಿಗೂ ಅದು ಸಲ್ಲುತ್ತದೆ. ಹೊಸ ಪದ್ಧತಿಯ ಪ್ರಕಾರ ಕನಿಷ್ಠ 10 ವರ್ಷ ವಂತಿಗೆ ಕಟ್ಟಿದವರು ಅರ್ಹರಾಗುತ್ತಾರೆ. ಪೂರ್ಣ ಮೊತ್ತಕ್ಕೆ ಸಾಮಾನ್ಯವಾಗಿ 35 ವರ್ಷ ಬೇಕು. ಪಿಂಚಣಿದಾರ ಜಗತ್ತಿನ ಯಾವ ಮೂಲೆಗೆ ಹೋದರೂ ಹಣ ಬರುತ್ತದೆ. ಆದರೆ ವಾರ್ಷಿಕ ಹೆಚ್ಚಳ ಸಿಗುವುದು ಐರೋಪ್ಯ ಆರ್ಥಿಕ ವಲಯ, ಸ್ವಿಟ್ಜರ್ಲೆಂಡ್ ಹಾಗೂ ಈ ಬಗ್ಗೆ ಪರಸ್ಪರ ಒಪ್ಪಂದವಿರುವ ಕೆಲವೇ ದೇಶಗಳಲ್ಲಿ ಮಾತ್ರ. ಅಮೆರಿಕ, ಇಸ್ರೇಲ್, ಟರ್ಕಿ, ಜಮೈಕಾ, ಮಾರಿಷಸ್‌ಗಳ ಜೊತೆಗೆ ಈ ಪಟ್ಟಿಯಲ್ಲಿ ಫಿಲಿಪ್ಪೀನ್ಸ್ ಕೂಡ ಇದೆ. ಉಭಯ ದೇಶಗಳ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಗೆ ಬಂದದ್ದು 1989ರಲ್ಲಿ.

ಪಟ್ಟಿಯಲ್ಲಿ ಇಲ್ಲದ ದೇಶಗಳ ಹೆಸರು ಇನ್ನಷ್ಟು ಕುತೂಹಲಕರ. ಆಸ್ಟ್ರೇಲಿಯ, ಕೆನಡಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಪಾಕಿಸ್ತಾನ, ಬಾಂಗ್ಲಾದೇಶ ಹಾಗೂ ಭಾರತದಲ್ಲಿ ನೆಲೆಸಿದವರ ಪಿಂಚಣಿ ಮೊದಲ ದಿನದ ಮೊತ್ತದಲ್ಲಿಯೇ ಹೆಪ್ಪುಗಟ್ಟುತ್ತದೆ. 1762ರಿಂದ 1764ರವರೆಗೆ ಮನಿಲಾ ನಗರವನ್ನು ಹಿಡಿದಿಟ್ಟುಕೊಂಡದ್ದನ್ನು ಬಿಟ್ಟರೆ ಫಿಲಿಪ್ಪೀನ್ಸ್‌ನಲ್ಲಿ ಬ್ರಿಟಿಷರ ಆಳ್ವಿಕೆ ಇರಲಿಲ್ಲ. ಹೀಗಿದ್ದರೂ ಈ ಕಾಮನ್‌ವೆಲ್ತ್ ರಾಷ್ಟ್ರಗಳಿಗೆ ಇಲ್ಲದ ಸೌಲಭ್ಯ ಆ ದೇಶಕ್ಕೆ ದಕ್ಕಿದೆ.

ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ಅಂಕಿಗಳೇ ಹೇಳುತ್ತವೆ. 2016ರ ಏಪ್ರಿಲ್‌ನಲ್ಲಿ ಹೊಸ ಪದ್ಧತಿ ಜಾರಿಗೆ ಬಂದಾಗ ಪೂರ್ಣ ಪಿಂಚಣಿ ವಾರಕ್ಕೆ 155.65 ಪೌಂಡ್ ಆಗಿತ್ತು. 2025ರ ಏಪ್ರಿಲ್ ವೇಳೆಗೆ ಅದು 230.25 ಪೌಂಡ್‌ಗೆ ಏರಿತು. 2016ರಲ್ಲಿ ನಿವೃತ್ತನಾಗಿ ಸೆಬುವಿಗೆ ಹೋದವನಿಗೆ 2025ರಲ್ಲಿ ಎರಡನೆಯ ಮೊತ್ತ ಸಂದಿತು. ಗೋವಾಕ್ಕೆ ಬಂದವನಿಗೆ ಮೊದಲನೆಯದೇ ಗತಿಯಾಯಿತು. ಅಂತರ ವಾರಕ್ಕೆ 74.60 ಪೌಂಡ್, ವರ್ಷಕ್ಕೆ 3,800 ಪೌಂಡ್‌ಗೂ ಮಿಗಿಲು. ವಿದೇಶಗಳಲ್ಲಿರುವ ಸುಮಾರು 11 ಲಕ್ಷ ಪಿಂಚಣಿದಾರರ ಪೈಕಿ 4.5 ಲಕ್ಷದಷ್ಟು ಮಂದಿ ಈ ಹೆಪ್ಪುಗಟ್ಟಿದ ಪಿಂಚಣಿಯವರು. ಇದು ತಾರತಮ್ಯವೆಂದು ಹೂಡಿದ ದಾವೆಯನ್ನು 2005ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, 2010ರಲ್ಲಿ ಸ್ಟ್ರಾಸ್‌ಬರ್ಗ್‌ನ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ತಳ್ಳಿಹಾಕಿದವು.

ಪೆಸೊ ಲೆಕ್ಕದಲ್ಲಿ ಸಿರಿವಂತ

ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 12,000 ಪೌಂಡ್ ಪಿಂಚಣಿಯಲ್ಲಿ ಬಾಡಿಗೆ ಮತ್ತು ಚಳಿಗಾಲದ ಅನಿಲ ಬಿಲ್ ಕಟ್ಟಿ ಬದುಕುವುದು ಕಷ್ಟ. ಅದೇ ಹಣ 2025ರ ವಿನಿಮಯ ದರದಲ್ಲಿ ತಿಂಗಳಿಗೆ 70,000 ಪೆಸೊಗೂ ಹೆಚ್ಚಾಗುತ್ತದೆ. ಮನಿಲಾ ಮಹಾನಗರದಲ್ಲಿ 2025ರ ಜುಲೈನಲ್ಲಿ ನಿಗದಿಯಾದ ಕನಿಷ್ಠ ದಿನಗೂಲಿ 695 ಪೆಸೊ. ಅಂದರೆ ತಾಯ್ನಾಡಿನಲ್ಲಿ ಬಡವರ ಸಾಲಿಗೆ ಸೇರಬೇಕಾದ ವೃದ್ಧನೊಬ್ಬ ಇಲ್ಲಿ ತಿಂಗಳಿಡೀ ದುಡಿಯುವ ಕಾರ್ಮಿಕನ ಸುಮಾರು ನಾಲ್ಕು ಪಟ್ಟು ಆದಾಯದವನಾಗುತ್ತಾನೆ. ವಿದೇಶಿಯರ ಹೊರದೇಶದ ಆದಾಯಕ್ಕೆ ಫಿಲಿಪ್ಪೀನ್ಸ್ ತೆರಿಗೆ ಹಾಕುವುದಿಲ್ಲ ಎಂಬುದು ಮತ್ತೊಂದು ಅನುಕೂಲ.

ಇಂಗ್ಲಿಷ್ ಎಲ್ಲೆಡೆ ನಡೆಯುತ್ತದೆ. ಬೀದಿ ಬದಿಯ ಸಾರಿ-ಸಾರಿ ಎಂಬ ಪುಟ್ಟ ದಿನಸಿ ಅಂಗಡಿಯಿಂದ ಹಿಡಿದು ಹವಾನಿಯಂತ್ರಿತ ಮಾಲ್‌ವರೆಗೆ ಎಲ್ಲವೂ ಕೈಗೆಟಕುವಂತಿದೆ. ಓಡಾಟಕ್ಕೆ ಜೀಪ್ನಿ, ಟ್ರೈಸಿಕಲ್‌ಗಳಿವೆ. ಕ್ರಿಸ್‌ಮಸ್ ಹಾಡುಗಳು ಸೆಪ್ಟೆಂಬರ್‌ನಲ್ಲಿಯೇ ಮೊಳಗತೊಡಗುತ್ತವೆ. ಬ್ರಿಟಿಷನಾದರೂ ಬಿಳಿಯ ಮೈಬಣ್ಣದ ಕಾರಣ ಬೀದಿಯ ಮಕ್ಕಳ ಬಾಯಲ್ಲಿ ಆತ ‘ಕಾನೊ’, ಅಂದರೆ ಅಮೆರಿಕನ್. ಆ ಕರೆಯಲ್ಲಿ ಸಲುಗೆಯೂ ಇದೆ, ಈತ ಹಣವಂತ ಎಂಬ ನಿರೀಕ್ಷೆಯೂ ಇದೆ. ಸ್ಥಳೀಯ ಮಹಿಳೆಯನ್ನು ಮದುವೆಯಾದವನಿಗೆ ಆ ನಿರೀಕ್ಷೆ ಇನ್ನೂ ಹತ್ತಿರದ್ದು. ಮೈದುನನ ಕಾಲೇಜು ಶುಲ್ಕ, ಅತ್ತೆಯ ಔಷಧ, ಚಂಡಮಾರುತಕ್ಕೆ ಹಾರಿಹೋದ ಚಾವಣಿ, ಎಲ್ಲಕ್ಕೂ ಮನೆಮಂದಿ ನೋಡುವುದು ಪಿಂಚಣಿಯ ಕಡೆಗೆ. ದುಡಿಯುವ ಒಬ್ಬನ ಮೇಲೆ ಇಡೀ ಕುಟುಂಬ ಭಾರ ಹಾಕುವ ಪದ್ಧತಿಯನ್ನು ಬಲ್ಲ ಭಾರತೀಯರಿಗೆ ಇದು ಹೊಸತಲ್ಲ. ಹದಿನೆಂಟು ತುಂಬಿದೊಡನೆ ಮನೆ ಬಿಡುವ ಸಮಾಜದಿಂದ ಬಂದವನಿಗೆ ಹೊಸತು.

ಅಗ್ಗವೆಂಬ ಮಾತಿಗೂ ಮಿತಿಯಿದೆ. ವಿದ್ಯುತ್ ದರ ಆಗ್ನೇಯ ಏಷ್ಯಾದಲ್ಲಿಯೇ ದುಬಾರಿಗಳ ಪೈಕಿ ಒಂದು. 2021ರ ಡಿಸೆಂಬರ್‌ನಲ್ಲಿ ಒಡೆಟ್ ಚಂಡಮಾರುತ ಅಪ್ಪಳಿಸಿದಾಗ ಸೆಬುವಿನ ಅನೇಕ ಭಾಗಗಳು ವಾರಗಟ್ಟಲೆ ಕತ್ತಲಲ್ಲಿದ್ದವು. 2025ರ ಸೆಪ್ಟೆಂಬರ್ 30ರಂದು ಅದೇ ಪ್ರಾಂತ್ಯದಲ್ಲಿ 6.9 ತೀವ್ರತೆಯ ಭೂಕಂಪ ಸಂಭವಿಸಿತು. ನವೆಂಬರ್‌ನಲ್ಲಿ ಮತ್ತೊಂದು ಚಂಡಮಾರುತ ಪ್ರವಾಹ ತಂದಿತು.

ನೆಲ ನಿನ್ನದಲ್ಲ

ಬ್ರಿಟಿಷ್ ಪ್ರವಾಸಿ ವೀಸಾ ಇಲ್ಲದೆ 30 ದಿನ ಇರಬಹುದು. ಶುಲ್ಕ ಕಟ್ಟುತ್ತಾ ಅದನ್ನು ಗರಿಷ್ಠ 36 ತಿಂಗಳವರೆಗೆ ವಿಸ್ತರಿಸಬಹುದು. ನಂತರ ಒಮ್ಮೆ ದೇಶ ಬಿಟ್ಟು ಹೊರಹೋಗಿ ಮರಳಬೇಕು. ಹತ್ತಾರು ವರ್ಷ ಹೀಗೆ ‘ಪ್ರವಾಸಿ’ಯಾಗಿಯೇ ಕಳೆದವರಿದ್ದಾರೆ. ಫಿಲಿಪಿನೊ ಪತ್ನಿಯಿದ್ದರೆ ‘13ಎ’ ವೀಸಾ ದೊರೆಯುತ್ತದೆ. ಮೊದಲ ವರ್ಷ ಅದು ಪರೀಕ್ಷಾರ್ಥ. ನಿವೃತ್ತರಿಗೆಂದೇ 1985ರಲ್ಲಿ ಸ್ಥಾಪಿತವಾದ ಫಿಲಿಪ್ಪೀನ್ ನಿವೃತ್ತಿ ಪ್ರಾಧಿಕಾರ ಡಾಲರ್ ಠೇವಣಿಯ ಆಧಾರದಲ್ಲಿ ವಿಶೇಷ ವೀಸಾ ನೀಡುತ್ತದೆ. ಅದರ ಕನಿಷ್ಠ ವಯಸ್ಸನ್ನು 2021ರಲ್ಲಿ 50ಕ್ಕೆ ಏರಿಸಿ, 2025ರಲ್ಲಿ 40ಕ್ಕೆ ಇಳಿಸಲಾಯಿತು. ನಾಲ್ಕೇ ವರ್ಷದಲ್ಲಿ ನಿಯಮ ಹೀಗೆ ಬದಲಾಗುವ ಕಡೆ ಮುಪ್ಪಿನ ಯೋಜನೆ ಹಾಕಿಕೊಳ್ಳುವುದು ಸುಲಭವಲ್ಲ.

ಭೂಮಿಯ ವಿಷಯದಲ್ಲಿ ಮಾತ್ರ ನಿಯಮ ಕದಲಿಲ್ಲ. 1987ರ ಸಂವಿಧಾನದ ಪ್ರಕಾರ ವಿದೇಶಿಯರು, ಉತ್ತರಾಧಿಕಾರದ ಸಂದರ್ಭವನ್ನು ಬಿಟ್ಟರೆ, ಜಮೀನಿನ ಒಡೆಯರಾಗುವಂತಿಲ್ಲ. ಕಾಂಡೊಮಿನಿಯಂ ಕಟ್ಟಡದಲ್ಲಿ ಫ್ಲ್ಯಾಟ್ ಕೊಳ್ಳಬಹುದು. ಒಟ್ಟು ಯೋಜನೆಯಲ್ಲಿ ವಿದೇಶಿಯರ ಪಾಲು ಶೇ 40 ಮೀರಬಾರದು. ಆದಕಾರಣ ಬಹುಪಾಲು ಮಂದಿ ಪತ್ನಿಯ ಹೆಸರಿನಲ್ಲಿ ನಿವೇಶನ ಕೊಂಡು, ಜೀವಮಾನದ ಉಳಿತಾಯ ಸುರಿದು ಮನೆ ಕಟ್ಟುತ್ತಾರೆ.

ಆ ಸಂಬಂಧ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಬೊರಾಕಾಯ್ ದ್ವೀಪದಲ್ಲಿ ಪತ್ನಿಯ ಹೆಸರಿಗೆ ತನ್ನ ಹಣದಿಂದ ಜಮೀನು ಕೊಂಡಿದ್ದಾಗಿ ಹೇಳಿದ ಬ್ರಿಟಿಷ್ ಪ್ರಜೆಯೊಬ್ಬ, ತನ್ನ ಒಪ್ಪಿಗೆಯಿಲ್ಲದೆ ಆಕೆ ಅದನ್ನು ಗುತ್ತಿಗೆಗೆ ಕೊಟ್ಟಳೆಂದು ದಾವೆ ಹೂಡಿದ್ದ. ಸಂವಿಧಾನವೇ ನಿಷೇಧಿಸಿದ ಆಸ್ತಿಯ ಮೇಲೆ ಪತಿಯೆಂಬ ಕಾರಣಕ್ಕೆ ಹಕ್ಕು ಹುಟ್ಟುವುದಿಲ್ಲವೆಂದು ನ್ಯಾಯಾಲಯ 2009ರಲ್ಲಿ ತೀರ್ಪಿತ್ತಿತು. ಇದೇ ಬಗೆಯ ಮತ್ತೊಂದು ಪ್ರಕರಣದಲ್ಲಿ, ಜಮೀನಿಗೆ ಕೊಟ್ಟ ಹಣವನ್ನು ಮರಳಿ ಪಡೆಯಲೂ ವಿದೇಶಿ ಪತಿಗೆ ಅವಕಾಶವಿಲ್ಲವೆಂದು 2006ರಲ್ಲಿಯೇ ಹೇಳಿತ್ತು.

ಕಾನೂನನ್ನು ದೂಷಿಸುವ ಮುನ್ನ ಫಿಲಿಪಿನೊ ದೃಷ್ಟಿಯನ್ನೂ ಅರಿಯಬೇಕು. ಸ್ಪೇನ್ ಮತ್ತು ಅಮೆರಿಕದ ಆಳ್ವಿಕೆಯಲ್ಲಿ ನೂರಾರು ವರ್ಷ ಕಳೆದ ದೇಶ ನೆಲವನ್ನು ಪರರಿಗೆ ಬಿಟ್ಟುಕೊಡದಿರಲು ಕಾರಣಗಳಿವೆ. ಪೌಂಡ್, ಡಾಲರ್ ಹಿಡಿದು ಬಂದವರಿಗೆ ಮಾರುಕಟ್ಟೆ ತೆರೆದಿಟ್ಟರೆ ಕಡಲ ತೀರದ ನಿವೇಶನ ಸ್ಥಳೀಯ ಶಿಕ್ಷಕ ಅಥವಾ ಮೀನುಗಾರನ ಕೈಗೆಟಕದು. ಪತ್ನಿಯ ಕಡೆಯಿಂದ ನೋಡಿದರೂ ಆಕೆಗೆ ದಾರಿ ಕಿರಿದು. ಮುಸ್ಲಿಮರ ವೈಯಕ್ತಿಕ ಕಾನೂನನ್ನು ಬಿಟ್ಟರೆ ಅಲ್ಲಿ ವಿಚ್ಛೇದನಕ್ಕೆ ಅವಕಾಶವಿಲ್ಲ. 2024ರ ಮೇ ತಿಂಗಳಲ್ಲಿ ಸಂಸತ್ತಿನ ಕೆಳಮನೆ ವಿಚ್ಛೇದನ ಮಸೂದೆಯನ್ನು ಅಂಗೀಕರಿಸಿತಾದರೂ ಅದು ಕಾನೂನಾಗಲಿಲ್ಲ. ವಿದೇಶಿ ಪತಿ ಇದ್ದರೆ ಮಾತ್ರ ಹೊರದೇಶದಲ್ಲಿ ಪಡೆದ ವಿಚ್ಛೇದನಕ್ಕೆ ಅಲ್ಲಿನ ನ್ಯಾಯಾಲಯದ ಮಾನ್ಯತೆ ದೊರಕಿಸಿಕೊಳ್ಳಬಹುದು.

ಕಾಯಿಲೆ ಬಂದಾಗ

ಎಪ್ಪತ್ತು ದಾಟಿದ ಮೇಲೆ ಲೆಕ್ಕ ತಲೆಕೆಳಗಾಗುತ್ತದೆ. ಇಂಗ್ಲೆಂಡಿನಲ್ಲಿ 60 ತುಂಬಿದವರಿಗೆ ವೈದ್ಯರು ಬರೆದುಕೊಟ್ಟ ಔಷಧ ಉಚಿತ. ಆಸ್ಪತ್ರೆಯ ಚಿಕಿತ್ಸೆಯೂ ರಾಷ್ಟ್ರೀಯ ಆರೋಗ್ಯ ಸೇವೆಯಡಿ ಉಚಿತ. ಆ ಸೇವೆ ಪೌರತ್ವವನ್ನಲ್ಲ, ವಾಸಸ್ಥಳವನ್ನು ನೋಡುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ನೆಲೆಸಿದವನಿಗೆ ಅದು ಸಲ್ಲದು. ಅತ್ತ ಫಿಲಿಪ್ಪೀನ್ಸ್ ತನ್ನ ಹಿರಿಯ ನಾಗರಿಕರಿಗೆ ಔಷಧ ಮತ್ತು ಹೋಟೆಲ್ ಊಟದ ಮೇಲೆ ನೀಡುವ ಶೇ 20ರ ರಿಯಾಯಿತಿ ಅಲ್ಲಿನ ಪ್ರಜೆಗಳಿಗೆ ಮೀಸಲು. ಹೀಗೆ ಎರಡು ದೇಶಗಳ ‘ಹಿರಿಯ ನಾಗರಿಕ’ ಪಟ್ಟಿಯಿಂದಲೂ ಆತ ಹೊರಗುಳಿಯುತ್ತಾನೆ.

ಖಾಸಗಿ ಆಸ್ಪತ್ರೆಗಳು ದೊಡ್ಡ ನಗರಗಳಲ್ಲಿ ಉತ್ತಮವಾಗಿವೆ, ಆದರೆ ಹಣ ಮೊದಲು. ಬಿಲ್ ಕಟ್ಟದ ರೋಗಿಗಳನ್ನು ಆಸ್ಪತ್ರೆಯಲ್ಲಿಯೇ ತಡೆದಿಡುವುದನ್ನು ನಿಷೇಧಿಸಲು 2007ರಲ್ಲಿ ಕಾನೂನನ್ನೇ ತರಬೇಕಾಯಿತು ಎಂಬುದು ಪರಿಸ್ಥಿತಿಯನ್ನು ಸೂಚಿಸುತ್ತದೆ. ಆ ರಕ್ಷಣೆ ಖಾಸಗಿ ಕೊಠಡಿಯ ರೋಗಿಗಳಿಗೆ ಅನ್ವಯಿಸುವುದಿಲ್ಲ. ತನ್ನ ಪ್ರಜೆಗಳ ಆಸ್ಪತ್ರೆ ಬಿಲ್ಲನ್ನು ಬ್ರಿಟಿಷ್ ರಾಯಭಾರ ಕಚೇರಿಯೂ ಕಟ್ಟುವುದಿಲ್ಲ. ಆರೋಗ್ಯ ವಿಮೆಯ ಕಂತಾದರೋ ವಯಸ್ಸಿನೊಂದಿಗೆ ಏರುತ್ತಾ, ಅತ್ಯಂತ ಬೇಕಾದ ಕಾಲಕ್ಕೆ ಕೈ ಮೀರುತ್ತದೆ.

ಹಾಗಾದರೆ ತಾಯ್ನಾಡಿಗೆ ಮರಳಬಹುದಲ್ಲವೇ? ನೆಲೆಸುವ ಉದ್ದೇಶದಿಂದ ಮರಳಿದರೆ ಆತನಿಗೆ ಚಿಕಿತ್ಸೆ ಸಿಗುತ್ತದೆ. ಆದರೆ ಪತ್ನಿಯನ್ನು ಕರೆದೊಯ್ಯುವುದು ಬೇರೆ ಮಾತು. ಸಂಗಾತಿಯ ವೀಸಾಕ್ಕೆ ಬ್ರಿಟನ್ 2012ರಲ್ಲಿ ವಿಧಿಸಿದ 18,600 ಪೌಂಡ್ ವಾರ್ಷಿಕ ಆದಾಯದ ಮಿತಿಯನ್ನು 2024ರ ಏಪ್ರಿಲ್‌ನಲ್ಲಿ 29,000 ಪೌಂಡ್‌ಗೆ ಏರಿಸಲಾಯಿತು. ಪೂರ್ಣ ಪಿಂಚಣಿ ಅದರ ಅರ್ಧಕ್ಕೂ ಸಾಲದು. ದೊಡ್ಡ ಉಳಿತಾಯವೋ ಬೇರೆ ಆದಾಯವೋ ಇಲ್ಲದವನ ಮುಂದೆ ಉಳಿಯುವುದು ಎರಡೇ ಆಯ್ಕೆ: ಪತ್ನಿಯನ್ನು ಬಿಟ್ಟು ಚಿಕಿತ್ಸೆಗೆ ಹೋಗುವುದು, ಇಲ್ಲವೇ ಚಿಕಿತ್ಸೆ ಬಿಟ್ಟು ಪತ್ನಿಯೊಂದಿಗೆ ಉಳಿಯುವುದು.

ಕನ್ನಡಿಗರಿಗೇನು ಸಂಬಂಧ?

ಈ ಪ್ರಶ್ನೆಗೆ ಉತ್ತರ ಬ್ರಿಟನ್ನಿನ ಆಸ್ಪತ್ರೆಗಳಲ್ಲಿದೆ. ಅಲ್ಲಿನ ಆರೋಗ್ಯ ಸೇವೆಗೆ ವಿದೇಶಿ ದಾದಿಯರನ್ನು ಅತಿ ಹೆಚ್ಚಾಗಿ ಒದಗಿಸುವ ದೇಶಗಳು ಭಾರತ ಮತ್ತು ಫಿಲಿಪ್ಪೀನ್ಸ್. ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರೂ ಅವರಲ್ಲಿದ್ದಾರೆ. ಮಂಗಳೂರಿನವಳೊಬ್ಬಳು, ಇಲೊಇಲೊ ನಗರದವಳೊಬ್ಬಳು ಒಂದೇ ವಾರ್ಡಿನಲ್ಲಿ, ಒಂದೇ ಸಂಬಳಕ್ಕೆ ಇಪ್ಪತ್ತು ವರ್ಷ ದುಡಿದು ಒಂದೇ ಪ್ರಮಾಣದ ವಂತಿಗೆ ಕಟ್ಟಿದರೆಂದು ಭಾವಿಸೋಣ. ನಿವೃತ್ತಿಯ ನಂತರ ಇಬ್ಬರೂ ಊರಿಗೆ ಮರಳಿದರೆ, ಪಿಂಚಣಿಯ ಹೆಚ್ಚಳ ವಾಸಸ್ಥಳವನ್ನು ಅವಲಂಬಿಸಿರುವುದರಿಂದ, ಇಲೊಇಲೊದಲ್ಲಿ ಅದು ವರ್ಷವರ್ಷವೂ ಬೆಳೆಯುತ್ತದೆ. ಮಂಗಳೂರಿನಲ್ಲಿ ಮೊದಲ ತಿಂಗಳ ಮೊತ್ತವೇ ಕೊನೆಯವರೆಗೆ. ಬ್ರಿಟನ್ನಿನಲ್ಲಿ ದುಡಿದು ಮೈಸೂರು, ಬೆಂಗಳೂರುಗಳಿಗೆ ಮರಳುವ ವೈದ್ಯರು, ಎಂಜಿನಿಯರುಗಳಿಗೂ ಇದೇ ನಿಯಮ. ಉದ್ಯೋಗದಾತರು ಕೊಡುವ ಪ್ರತ್ಯೇಕ ಪಿಂಚಣಿಗೆ ಮಾತ್ರ ಈ ತಡೆ ಇಲ್ಲ.

2025ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದ ಜೊತೆಗೆ, ಅಲ್ಪಾವಧಿಗೆ ಹೋಗುವ ಉದ್ಯೋಗಿಗಳು ಎರಡೂ ಕಡೆ ವಂತಿಗೆ ಕಟ್ಟುವ ಹೊರೆ ತಪ್ಪಿಸುವ ಬಗ್ಗೆಯೂ ಒಮ್ಮತ ಮೂಡಿತು. ಕಂಪೆನಿಗಳು ಕೆಲಕಾಲದ ಮಟ್ಟಿಗೆ ಕಳುಹಿಸುವ ಸಾಫ್ಟ್‌ವೇರ್ ಉದ್ಯೋಗಿಗೆ ಅದು ಲಾಭ. ಜೀವಮಾನವಿಡೀ ದುಡಿದು ಮರಳಿದ ದಾದಿಗೆ ಅದರಲ್ಲಿ ಏನೂ ಇಲ್ಲ.

ಫಿಲಿಪ್ಪೀನ್ಸ್‌ನ ಬ್ರಿಟಿಷರಿಗೆ ಆ 1989ರ ಕಾಗದ ಎಲ್ಲ ಸಂಕಟಗಳಿಂದ ಪಾರುಮಾಡಲಿಲ್ಲ. ಆದರೆ ಕಟ್ಟಿದ ವಂತಿಗೆಗೆ ತಕ್ಕ ಪಿಂಚಣಿಯನ್ನು ಬೆಲೆಯೇರಿಕೆಗೆ ಸರಿಯಾಗಿ ಬೆಳೆಯುವಂತೆ ನೋಡಿಕೊಂಡಿತು. ಅದರ ಫಲ ಸೆಬುವಿನ ಬ್ರಿಟಿಷ್ ವೃದ್ಧನಿಗೂ ಇಲೊಇಲೊದ ನಿವೃತ್ತ ದಾದಿಗೂ ಸಮನಾಗಿ ಸಂದಿದೆ. ಮುಂದಿನ ಬಾರಿ ಲಂಡನ್ನಿನೊಂದಿಗೆ ಮಾತುಕತೆಗೆ ಕೂರುವ ಭಾರತದ ಅಧಿಕಾರಿಗಳು ಸುಂಕ ಮತ್ತು ವೀಸಾಗಳ ಪಟ್ಟಿಯಲ್ಲಿ ಈ ವಿಷಯಕ್ಕೂ ಒಂದು ಸಾಲು ಮೀಸಲಿಡುವರೇ ಎಂಬುದನ್ನು ಕಾದು ನೋಡಬೇಕು.